ಹಿಡಿಯುವವನ ಹಣೆಬರಹ

ಸುಗ್ಗಿ ಮುಗಿದು ಹೊಲಗಳು ಖಾಲಿಯಾದ ಮೇಲೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಊರುಗಳಲ್ಲಿ, ಗಂಗಾವತಿಯ ಕಾಲುವೆ ಭಾಗದ ಕ್ಯಾಂಪುಗಳಲ್ಲಿ ಕಬಡ್ಡಿ ಅಂಕಣ ಸಿದ್ಧವಾಗುತ್ತದೆ. ಸುಣ್ಣದ ಪುಡಿಯ ಗೆರೆ, ಕಂಬಕ್ಕೆ ಕಟ್ಟಿದ ದೀಪ, ಒಂದು ಧ್ವನಿವರ್ಧಕ ಇಷ್ಟಿದ್ದರೆ ಸಾಕು. ದಾಳಿಗೆ ಹೋಗುವವನ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಎದುರು ಸಾಲಿನ ತುದಿಯಲ್ಲಿ ಮೊಣಕಾಲು ಬಗ್ಗಿಸಿ ನಿಂತು ಆತನ ಪಾದದ ಮೇಲೆಯೇ ಕಣ್ಣಿಟ್ಟವನ ಹೆಸರು ಕೇಳಿಬರುವುದು ಎರಡೇ ಸಂದರ್ಭಗಳಲ್ಲಿ: ಕಾಲು ಹಿಡಿದಾಗ ಒಮ್ಮೆ, ಹಿಡಿದ ಕಾಲು ಜಾರಿದಾಗ ಹತ್ತು ಸಲ.

ಸಾವಿರಾರು ಮೈಲಿ ದೂರದ ಅಮೆರಿಕದಲ್ಲಿ ಇದೇ ಕೆಲಸಕ್ಕೆ ನಿಂತ ಆಟಗಾರನಿಗೆ ಲೈನ್‌ಬ್ಯಾಕರ್ ಎಂದು ಹೆಸರು. ಓಡಿ ಬರುವವನನ್ನು ನೆಲಕ್ಕೆ ಕೆಡವುವುದನ್ನೇ ವೃತ್ತಿ ಮಾಡಿಕೊಂಡವನು ಆತ. ಆ ವೃತ್ತಿಯ ಬೆಲೆ ಎಷ್ಟು, ಅದಕ್ಕೆ ದೇಹ ತೆರುವ ಕಂದಾಯ ಎಷ್ಟು ಎಂಬುದರ ಕಥೆ ನಮ್ಮ ಕಬಡ್ಡಿ ಹುಡುಗರಿಗೂ ಸಂಬಂಧಿಸಿದ್ದೇ.

ಅಮೆರಿಕನ್ ಫುಟ್‌ಬಾಲ್ ಹೆಸರಿಗೆ ಕಾಲ್ಚೆಂಡು. ಅದರಲ್ಲಿ ಕಾಲಿಗೆ ಕೆಲಸ ಕಡಿಮೆ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಇಲ್ಲವೇ ಮುಂದೆ ಓಡುತ್ತಿರುವ ಜೊತೆಗಾರನ ಕೈಗೆ ಎಸೆಯುವುದೇ ಆಟ. ನೂರು ಗಜ ಉದ್ದದ ಮೈದಾನ, ಕಡೆಗೆ ಹನ್ನೊಂದು ಮಂದಿ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ತಡೆಯುವ ತಂಡದ ಮುಂದಿನ ಸಾಲಿನಲ್ಲಿ ಗೋಡೆಯಂಥ ದಢೂತಿ ಆಳುಗಳು. ಆ ಸಾಲಿನ ಬೆನ್ನಿಗೆ ನಿಲ್ಲುವವನೇ ಲೈನ್‌ಬ್ಯಾಕರ್. ಗೋಡೆಯನ್ನು ಸೀಳಿ ಬಂದವನನ್ನು ಕೆಡವಬೇಕು. ಚೆಂಡು ಎಸೆಯುವವನ ಮೇಲೆ ನುಗ್ಗಬೇಕು. ಎಸೆತ ಹಿಡಿಯಲು ಓಡುವವನ ಬೆನ್ನಟ್ಟಲೂಬೇಕು. ಮೂರರಲ್ಲಿ ಯಾವುದು ತನ್ನ ಕೆಲಸ ಎಂಬುದನ್ನು ಒಂದೆರಡು ಕ್ಷಣದಲ್ಲಿ ನಿರ್ಧರಿಸಬೇಕು. ಕಬಡ್ಡಿಯ ಕಾರ್ನರ್ ಆಟಗಾರ ಮತ್ತು ಕವರ್ ಆಟಗಾರ ಇಬ್ಬರೂ ಒಂದೇ ಮೈಯಲ್ಲಿ ಸೇರಿದಂತೆ ಎನ್ನಬಹುದು. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಕಬಡ್ಡಿಯಲ್ಲಿ ಒಂಟಿ ದಾಳಿಗಾರನನ್ನು ಏಳು ಮಂದಿ ಸರಪಳಿ ಕಟ್ಟಿ ಹಿಡಿಯುತ್ತಾರೆ. ಅಲ್ಲಿ ನೂರು ಕೆ.ಜಿ. ತೂಕದವನು ಓಡಿ ಬಂದು ನೂರು ಕೆ.ಜಿ. ತೂಕದವನಿಗೆ ಢೀ ಕೊಡುತ್ತಾನೆ.

ಈ ಆಟ ಮೊದಲಿನಿಂದಲೂ ರಕ್ತ ಕಂಡದ್ದೇ. 1905ರ ಒಂದು ಋತುವಿನಲ್ಲಿ ಸುಮಾರು ಹದಿನೆಂಟು ಯುವಕರು ಸತ್ತರೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದವು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸ್ವತಃ ಕಾಲೇಜುಗಳ ಪ್ರತಿನಿಧಿಗಳನ್ನು ಕರೆಸಿ ಮಾತನಾಡಬೇಕಾಯಿತು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. ಗುಂಪು ಗುಂಪಾಗಿ ನುಗ್ಗುವ ಆಟ ಮೈದಾನದ ತುಂಬ ಹರಡಿಕೊಂಡಿತು. ಸಾಲಿನ ಹಿಂದೆ ನಿಂತು ಆಟವನ್ನು ಓದಬಲ್ಲವನ ಬೆಲೆ ಏರುತ್ತಾ ಬಂದದ್ದು ಆ ಬಳಿಕ.

ಹಳೆಯ ತಲೆಮಾರಿನ ಲೈನ್‌ಬ್ಯಾಕರ್‌ಗಳಲ್ಲಿ ಚಕ್ ಬೆಡ್ನಾರಿಕ್ ಅವರ ಬಾಳು ನಮ್ಮವರಿಗೆ ತೀರಾ ಪರಿಚಿತ ಎನಿಸುವಂಥದು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿದ್ದ ಅವರು 1949ರಿಂದ 1962ರವರೆಗೆ ಫಿಲಡೆಲ್ಫಿಯಾ ಈಗಲ್ಸ್ ತಂಡಕ್ಕೆ ಆಡಿದರು. ಆದರೆ ಆಟದ ಸಂಬಳದಿಂದ ಮನೆ ನಡೆಯುತ್ತಿರಲಿಲ್ಲ. ಬಿಡುವಿನ ತಿಂಗಳುಗಳಲ್ಲಿ ಅವರು ಕಾಂಕ್ರೀಟ್ ಮಾರುತ್ತಿದ್ದರು. 'ಕಾಂಕ್ರೀಟ್ ಚಾರ್ಲಿ' ಎಂಬ ಅಡ್ಡಹೆಸರು ಬಂದದ್ದು ಆ ಕಸುಬಿನಿಂದ; ಆಡುವ ರೀತಿಗೂ ಅದು ಒಪ್ಪಿತು. 1960ರ ನವೆಂಬರ್ 20ರಂದು ಅವರು ನ್ಯೂಯಾರ್ಕ್ ಜೈಂಟ್ಸ್‌ನ ಫ್ರಾಂಕ್ ಗಿಫರ್ಡ್ ಅವರನ್ನು ಕೆಡವಿದ ಹೊಡೆತಕ್ಕೆ ಗಿಫರ್ಡ್ ಪ್ರಜ್ಞೆ ತಪ್ಪಿದರು, 1961ರ ಋತುವನ್ನು ಪೂರ್ತಿ ಕಳೆದುಕೊಂಡರು. ಅದೇ ಡಿಸೆಂಬರ್‌ನ ಅಂತಿಮ ಪಂದ್ಯದಲ್ಲಿ, ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಜಿಮ್ ಟೇಲರ್ ಎಂಬ ಓಟಗಾರನನ್ನು ಗೆರೆಯ ಸಮೀಪದಲ್ಲಿ ಹಿಡಿದು, ಸಮಯ ಮುಗಿಯುವವರೆಗೂ ಆತನ ಮೇಲಿಂದ ಏಳಲಿಲ್ಲ. 17–13ರಿಂದ ಫಿಲಡೆಲ್ಫಿಯಾ ಗೆದ್ದಿತು. ಆಗ ಬೆಡ್ನಾರಿಕ್ ಅವರಿಗೆ 35 ವರ್ಷ.

ಹೊಡೆದವರೂ ಹೊಡೆತ ತಿಂದವರೂ 2015ರಲ್ಲಿಯೇ ತೀರಿಕೊಂಡರು. ಪದೇ ಪದೇ ತಲೆಗೆ ಬೀಳುವ ಪೆಟ್ಟಿನಿಂದ ಬರುವ ಮೆದುಳಿನ ಸವೆತದ ಕಾಯಿಲೆ ಗಿಫರ್ಡ್ ಅವರಿಗಿತ್ತೆಂದು ಅವರ ಕುಟುಂಬವೇ ಆಮೇಲೆ ಪ್ರಕಟಿಸಿತು.

ಬೆಡ್ನಾರಿಕ್ ಕಾಲಕ್ಕೂ ಇಪ್ಪತ್ತೊಂದನೇ ಶತಮಾನಕ್ಕೂ ನಡುವೆ ಟೆಲಿವಿಷನ್ ಬಂತು, ಹಣ ಬಂತು. ಆ ಹಣದ ಕಾಲದ ಲೈನ್‌ಬ್ಯಾಕರ್‌ಗಳಲ್ಲಿ ಒಬ್ಬರು ಭಾರತೀಯ ತಂದೆಯ ಮಗ: ಬ್ರಾಂಡನ್ ಚಿಲ್ಲರ್. 1982ರಲ್ಲಿ ಹುಟ್ಟಿದ ಅವರು ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್‌ನಲ್ಲಿ ಶಾಲೆ ಓದಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು. ಅಲ್ಲಿ ವೃತ್ತಿ ತಂಡಗಳು ಪ್ರತಿವರ್ಷ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. 2004ರ ಆಯ್ಕೆಯಲ್ಲಿ ನಾಲ್ಕನೇ ಸುತ್ತಿನವರೆಗೆ ಕಾದ ಚಿಲ್ಲರ್ 130ನೆಯವರಾಗಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡಕ್ಕೆ ಸೇರಿದರು. ಅಷ್ಟು ಕೆಳಗಿನವರಿಗೆ ಆ ಲೀಗಿನಲ್ಲಿ ಕಾಲೂರಲು ಸಿಗುವ ಸಮಯ ಬಹಳ ಇಲ್ಲ. ಆಟಗಾರರ ಸಂಘದ ಲೆಕ್ಕದ ಪ್ರಕಾರ ಅಲ್ಲಿನ ವೃತ್ತಿಜೀವನದ ಸರಾಸರಿ ಅವಧಿ ಸುಮಾರು ಮೂರೂಕಾಲು ವರ್ಷ. ಚಿಲ್ಲರ್ ಏಳು ಋತು ಉಳಿದರು.

2008ರಲ್ಲಿ ಅವರು ಗ್ರೀನ್ ಬೇ ಪ್ಯಾಕರ್ಸ್‌ಗೆ ಬಂದರು. ಎಸೆತ ಹಿಡಿಯುವವರ ಬೆನ್ನಟ್ಟಬಲ್ಲ ಲೈನ್‌ಬ್ಯಾಕರ್ ಎಂದು ಅವರಿಗೆ ಹೆಸರಿತ್ತು. 2009ರ ಕೊನೆಯಲ್ಲಿ ತಂಡ ಇನ್ನೂ ನಾಲ್ಕು ವರ್ಷಗಳ ಹೊಸ ಒಪ್ಪಂದ ಮಾಡಿಕೊಂಡಿತು. ಮುಂದಿನ ವರ್ಷವೇ ಗಾಯಗಳು ಕಾಡಿದವು. 2010ರ ನವೆಂಬರ್‌ನಲ್ಲಿ ಗಾಯಾಳುಗಳ ಪಟ್ಟಿಗೆ ಸೇರಿದ ಅವರ ಆ ಋತು ಅಲ್ಲಿಗೆ ಮುಗಿಯಿತು. 2011ರ ಫೆಬ್ರುವರಿ 6ರಂದು ಪ್ಯಾಕರ್ಸ್ ಪಿಟ್ಸ್‌ಬರ್ಗ್ ತಂಡವನ್ನು 31–25ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದಾಗ ಚಿಲ್ಲರ್ ಚಾಂಪಿಯನ್ ತಂಡದ ಸದಸ್ಯರು, ಆದರೆ ಅಂಕಣದಲ್ಲಿರಲಿಲ್ಲ. ಐದು ತಿಂಗಳಲ್ಲಿ, ಜುಲೈನಲ್ಲಿ, ತಂಡ ಅವರನ್ನು ಕೈಬಿಟ್ಟಿತು. ವಯಸ್ಸು 28. ಆ ಲೀಗಿನಲ್ಲಿ ಒಪ್ಪಂದದ ಕಾಗದದ ಮೇಲಿನ ಮೊತ್ತ ಬಹುಪಾಲು ಖಾತರಿಯದಲ್ಲ. ತಂಡಕ್ಕೆ ಬೇಡವಾದ ದಿನ ನಾಲ್ಕು ವರ್ಷದ ಒಪ್ಪಂದ ಒಂದೂವರೆ ವರ್ಷಕ್ಕೇ ಮುಗಿಯಬಹುದು. ನಮ್ಮಲ್ಲಿ ಕ್ರೀಡಾ ಕೋಟಾದ ರೈಲ್ವೆ ನೌಕರಿಗೆ ಮನೆಯವರು ಏಕೆ ಅಷ್ಟು ಆಸೆಪಡುತ್ತಾರೆ ಎಂಬುದು ಇಲ್ಲಿ ತಿಳಿಯುತ್ತದೆ.

ಅದೇ 2011ರ ಆಗಸ್ಟ್‌ನಲ್ಲಿ ಚಿಲ್ಲರ್ ಹೆಸರು ಭಾರತದ ಪತ್ರಿಕೆಗಳಲ್ಲಿ ಕಾಣಿಸಿತು. ಎಲೈಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಎಂಬ ಸಂಸ್ಥೆ ಅಮೆರಿಕನ್ ಫುಟ್‌ಬಾಲನ್ನು ಇಲ್ಲಿ ನೆಡಲು ಹೊರಟಿತ್ತು. ಅದರ ಹೂಡಿಕೆದಾರರಲ್ಲಿ ಹೆಸರಾಂತ ತರಬೇತುದಾರ ಮೈಕ್ ಡಿಟ್ಕಾ, ನಟ ಮಾರ್ಕ್ ವಾಲ್‌ಬರ್ಗ್ ಅವರ ಜೊತೆ ಚಿಲ್ಲರ್ ಕೂಡ ಇದ್ದರು. ನಗರಕ್ಕೊಂದು ತಂಡ, ಬೆಂಗಳೂರಿನದಕ್ಕೆ 'ವಾರ್‌ಹಾಕ್ಸ್' ಎಂದು ಹೆಸರಿಟ್ಟರು. 2012ರ ಮೊದಲ ಋತುವಿನ ಪಂದ್ಯಗಳು ನಡೆದದ್ದು ಮಾತ್ರ ಕೊಲಂಬೊದಲ್ಲಿ. ಪುಣೆ ಮರಾಠಾಸ್ ಪ್ರಶಸ್ತಿ ಗೆದ್ದಿತು. ತಮ್ಮ ಊರಿಗೊಂದು ತಂಡವಿತ್ತೆಂದು ಬೆಂಗಳೂರಿನಲ್ಲಿ ಎಷ್ಟು ಮಂದಿಗೆ ನೆನಪಿದೆಯೋ! ಲೀಗ್ ಬೇರು ಬಿಡಲಿಲ್ಲ. ಊರಿನ ಹೆಸರಿನ ತಂಡವನ್ನು ಊರಿನವರು ಕಣ್ಣಾರೆ ನೋಡದಿದ್ದರೆ ಅಭಿಮಾನ ಎಲ್ಲಿಂದ ಹುಟ್ಟಬೇಕು? ಹೆಲ್ಮೆಟ್, ಭುಜದ ಕವಚ, ಹತ್ತು ಗಜದ ಲೆಕ್ಕ ಇವೆಲ್ಲ ಹಳ್ಳಿಯ ಬಯಲಿಗೆ ಇಳಿಯುವಂಥವಲ್ಲ. ಆಟವೊಂದು ವೃತ್ತಿಯಾಗಬೇಕಾದರೆ ಅದಕ್ಕೂ ಮೊದಲು ಮಕ್ಕಳ ಆಟವಾಗಿರಬೇಕು.

ಅಮೆರಿಕದಲ್ಲಿ ಈ ವೃತ್ತಿಯ ಕರಾಳ ಮುಖ ಬಯಲಾದದ್ದೂ ಅದೇ ವರ್ಷಗಳಲ್ಲಿ. ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು 2002ರಲ್ಲಿ ಮೈಕ್ ವೆಬ್‌ಸ್ಟರ್ ಎಂಬ ಮಾಜಿ ಆಟಗಾರನ ಮೆದುಳನ್ನು ಪರೀಕ್ಷಿಸಿ, ಅದರಲ್ಲಿ ಕಂಡ ಹಾನಿಯನ್ನು 2005ರಲ್ಲಿ ಪ್ರಕಟಿಸಿದ್ದರು. ಲೀಗ್ ಅದನ್ನು ಒಪ್ಪಲು ಸಿದ್ಧವಿರಲಿಲ್ಲ. 2012ರ ಮೇ 2ರಂದು, ಇಪ್ಪತ್ತು ಋತು ಆಡಿದ್ದ ಪ್ರಖ್ಯಾತ ಲೈನ್‌ಬ್ಯಾಕರ್ ಜೂನಿಯರ್ ಸೇಯೌ 43ನೇ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ಮೆದುಳಿನಲ್ಲಿಯೂ ಅದೇ ಸವೆತ ಇತ್ತೆಂದು 2013ರ ಜನವರಿಯಲ್ಲಿ ಸರ್ಕಾರಿ ಆರೋಗ್ಯ ಸಂಸ್ಥೆ ತಿಳಿಸಿತು. ಆ ವರ್ಷ ಸಾವಿರಾರು ಮಾಜಿ ಆಟಗಾರರ ದಾವೆಯಲ್ಲಿ ಲೀಗ್ 76.5 ಕೋಟಿ ಡಾಲರ್ ಕೊಡಲು ಒಪ್ಪಿತು. 2015ರಲ್ಲಿ ನ್ಯಾಯಾಲಯ ಅಂಗೀಕರಿಸಿದ ಅಂತಿಮ ಒಪ್ಪಂದದಲ್ಲಿ ಆ ಮಿತಿಯನ್ನೂ ತೆಗೆಯಲಾಯಿತು. ದೊಡ್ಡ ಪೆಟ್ಟಿಗಿಂತ, ದಿನವೂ ಅಭ್ಯಾಸದಲ್ಲಿ ತಿನ್ನುವ ಸಣ್ಣ ಸಣ್ಣ ಪೆಟ್ಟುಗಳ ಮೊತ್ತವೇ ಅಪಾಯ ಎಂದು ಸಂಶೋಧಕರು ಹೇಳುತ್ತಾ ಬಂದಿದ್ದಾರೆ. ಪೆಟ್ಟು ಕೊಡುವುದೂ ತಿನ್ನುವುದೂ ಕೆಲಸವೇ ಆಗಿರುವ ಲೈನ್‌ಬ್ಯಾಕರ್‌ಗೆ ಇದರಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಹೊರಗಿನ ಸಸಿ ಹಿಡಿಯಲಿಲ್ಲ. ನೆಲದಲ್ಲೇ ಇದ್ದ ಬೇರು ಚಿಗುರಿತು. 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಎಂಟು ತಂಡಗಳೊಂದಿಗೆ ಆರಂಭವಾಯಿತು. ಅದಕ್ಕೂ ಮೊದಲು ಕಬಡ್ಡಿ ಪಟುವಿನ ವೃತ್ತಿ ಎಂದರೆ ಸರ್ಕಾರಿ ಅಥವಾ ಬ್ಯಾಂಕ್ ನೌಕರಿ. ಏಷ್ಯನ್ ಗೇಮ್ಸ್‌ನಲ್ಲಿ 2010 ಮತ್ತು 2014ರ ಚಿನ್ನ ಗೆದ್ದ ತಂಡಗಳಲ್ಲಿದ್ದ ಕಾರ್ಕಳ ತಾಲ್ಲೂಕು ಹೆರ್ಮುಂಡೆಯ ಮಮತಾ ಪೂಜಾರಿ ಅವರಿಗೂ ನೆರವಾದದ್ದು ರೈಲ್ವೆಯೇ. ಬೆಡ್ನಾರಿಕ್ ಕಾಂಕ್ರೀಟ್ ಮಾರಿದರು, ನಮ್ಮವರು ಕಚೇರಿಯಲ್ಲಿ ಸಹಿ ಹಾಕಿ ಮೈದಾನಕ್ಕೆ ಹೋದರು. ವ್ಯತ್ಯಾಸವೆಂದರೆ ನಮ್ಮವರಿಗೆ ಪಿಂಚಣಿಯ ಭರವಸೆ ಇತ್ತು.

ವಿಚಿತ್ರ ಕಾಕತಾಳೀಯವೊಂದು ಇಲ್ಲಿದೆ. ವಾರ್‌ಹಾಕ್ಸ್ ಹೋದ ಮೇಲೆ ಬಂದ ಬೆಂಗಳೂರು ಬುಲ್ಸ್ ತಂಡದ ಮೊದಲ ನಾಯಕನ ಅಡ್ಡಹೆಸರೂ ಛಿಲ್ಲರ್. ದೆಹಲಿ ಹೊರವಲಯದ ನಿಜಾಂಪುರದ ಮಂಜೀತ್ ಛಿಲ್ಲರ್ ದಾಳಿಯನ್ನೂ ಬಲ್ಲವರು, ಆದರೆ ಹಿಡಿತವೇ ಅವರ ಹೆಸರು. 2015ರ ಎರಡನೇ ಆವೃತ್ತಿಯಲ್ಲಿ ಅವರ ನಾಯಕತ್ವದಲ್ಲಿ ಬುಲ್ಸ್ ಫೈನಲ್ ತಲುಪಿ ಯು ಮುಂಬಾಗೆ ಸೋತಿತು. ಅದೇ ವರ್ಷ ಅವರಿಗೆ ಅರ್ಜುನ ಪ್ರಶಸ್ತಿ ಬಂತು.

ಮೊದಲ ಹರಾಜಿನಲ್ಲಿ ಅತ್ಯಧಿಕ ಬೆಲೆ 12.80 ಲಕ್ಷ ರೂಪಾಯಿ, ರಾಕೇಶ್ ಕುಮಾರ್ ಅವರಿಗೆ ಪಟ್ನಾ ತಂಡ ಕೊಟ್ಟದ್ದು. ನಾಲ್ಕೇ ವರ್ಷದಲ್ಲಿ, 2018ರಲ್ಲಿ, ಬೆಲೆ ಒಂದು ಕೋಟಿ ಮುಟ್ಟಿತು. ಆ ಮೊದಲ ಕೋಟಿ ಯಾವ ದಾಳಿಗಾರನ ಪಾಲೂ ಆಗಲಿಲ್ಲ. ಯು ಮುಂಬಾ ಅದನ್ನು ಕೊಟ್ಟದ್ದು ಇರಾನಿನ ಫಜಲ್ ಅತ್ರಾಚಲಿ ಅವರಿಗೆ. ಎಡ ಮೂಲೆಯಲ್ಲಿ ನಿಂತು ಕಾಲು ಹಿಡಿಯುವವನಿಗೆ. ಅದೇ ಹರಾಜಿನಲ್ಲಿ ದಾಳಿಗಾರ ಮೋನು ಗೋಯತ್ 1.51 ಕೋಟಿಗೆ ಏರಿ ಅವರನ್ನು ಹಿಂದಿಕ್ಕಿದರೆಂಬುದು ಬೇರೆ ಮಾತು. 2023ರಲ್ಲಿ ಇನ್ನೊಬ್ಬ ಇರಾನಿ, ಹಿಡಿತಕ್ಕೆ ಹೆಸರಾದ ಮೊಹಮ್ಮದ್‌ರೆಜಾ ಶಾದ್ಲೂಯಿ, 2.35 ಕೋಟಿಗೆ ಪುಣೇರಿ ಪಲ್ಟನ್ ಸೇರಿದರು. 2024ರ ಮಾರ್ಚ್ 1ರಂದು ಆ ತಂಡ ಹರಿಯಾಣವನ್ನು 28–25ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಅದರ ತರಬೇತುದಾರರು ಕರ್ನಾಟಕದ ಬಿ.ಸಿ. ರಮೇಶ್. 2001ರ ಅರ್ಜುನ ಪ್ರಶಸ್ತಿ ಪಡೆದ ಈ ಆಟಗಾರ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಕಪ್ ಗೆದ್ದುಕೊಟ್ಟಿದ್ದರು. ಆಡುವ ಕಾಲ ಮುಗಿದ ಮೇಲೂ ಆಟದಲ್ಲೇ ಬದುಕು ಉಂಟು ಎಂಬುದು ಅವರ ಪೀಳಿಗೆಗೆ ಸಿಕ್ಕ ಹೊಸ ಸಂಗತಿ.

ಕಬಡ್ಡಿಯಲ್ಲಿ ಹೆಲ್ಮೆಟ್ಟಿಲ್ಲ, ಹಾಗಾಗಿ ತಲೆಯನ್ನೇ ಆಯುಧ ಮಾಡಿಕೊಂಡು ನುಗ್ಗುವ ಚಾಳಿಯೂ ಇಲ್ಲ. ಇಲ್ಲಿ ಪೆಟ್ಟು ಬೀಳುವುದು ಹೆಚ್ಚಾಗಿ ಮೊಣಕಾಲು, ಹಿಮ್ಮಡಿ ಮತ್ತು ಭುಜಕ್ಕೆ. ಆದರೂ ದಾಳಿಗಾರನ ಮೊಣಕಾಲು ಹಿಡಿಯುವವನ ಮುಖಕ್ಕೆ ತಾಗುವುದುಂಟು, ಮಣ್ಣಿನ ಅಂಕಣದಲ್ಲಿ ಹಿಂದಲೆ ನೆಲಕ್ಕೆ ಬಡಿಯುವುದುಂಟು. ಹಳ್ಳಿಯ ಪಂದ್ಯದಲ್ಲಿ ಹಾಗೆ ಬಿದ್ದ ಹುಡುಗ ಮುಖಕ್ಕೆ ನೀರು ಚಿಮುಕಿಸಿಕೊಂಡು ಮರುಗಳಿಗೆಯಲ್ಲೇ ಸಾಲಿಗೆ ನಿಂತರೆ ಜನ ಚಪ್ಪಾಳೆ ತಟ್ಟುತ್ತಾರೆ. ಅಮೆರಿಕದ ಲೀಗಿನಲ್ಲಿ ಈಗ ಅಂಥವನನ್ನು ಹೊರಗೆ ಕರೆತಂದು, ತಂಡಕ್ಕೆ ಸೇರದ ವೈದ್ಯರೂ ನೋಡಿ ಒಪ್ಪುವವರೆಗೆ ಒಳಗೆ ಬಿಡುವಂತಿಲ್ಲ. ಆ ನಿಯಮಕ್ಕೆ ಅವರು ತೆತ್ತ ಬೆಲೆ ದೊಡ್ಡದು. ನಕಲು ಮಾಡಿಕೊಳ್ಳಲು ನಮಗೆ ಖರ್ಚಿಲ್ಲ.

ಇರಾನಿನ ಹಿಡಿತಗಾರರು ಇಷ್ಟು ಬೇಗ ಮೇಲೆ ಬಂದದ್ದಕ್ಕೆ ಅಲ್ಲಿನ ಕುಸ್ತಿ ಪರಂಪರೆಯೇ ಕಾರಣ ಎಂದು ಬಲ್ಲವರು ಹೇಳುತ್ತಾರೆ. ಸೊಂಟ ಹಿಡಿಯುವುದು, ತೊಡೆಗೆ ಲಾಕು ಹಾಕುವುದು, ಎದುರಾಳಿಯ ಭಾರವನ್ನು ಅವನ ಮೇಲೆಯೇ ತಿರುಗಿಸುವುದು ಅಖಾಡದಲ್ಲಿ ಕಲಿತ ವಿದ್ಯೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಅವರು ಭಾರತವನ್ನು 27–18ರಿಂದ ಸೋಲಿಸಿದಾಗ, 1990ರಿಂದ ಎಲ್ಲ ಏಷ್ಯಾಡ್‌ಗಳಲ್ಲೂ ಚಿನ್ನ ತಂದಿದ್ದ ತಂಡ ಬರಿಯ ಕಂಚಿಗೆ ಇಳಿಯಿತು. ಆ ವಿದ್ಯೆ ಉತ್ತರ ಕರ್ನಾಟಕದ ಗರಡಿಮನೆಗಳಿಗೂ ಹೊಸದಲ್ಲ. ಜಾತ್ರೆಯ ಕುಸ್ತಿ ಕಣಕ್ಕಿಳಿಯುವ ಹುಡುಗ, ಸಂಜೆಯ ಕಬಡ್ಡಿಯಲ್ಲಿ ಸಾಲಿನ ತುದಿಗೆ ನಿಲ್ಲುವ ಹುಡುಗ ಎಷ್ಟೋ ಊರುಗಳಲ್ಲಿ ಒಬ್ಬನೇ.