ಕಡಿವಾಣಕ್ಕೆ ಮುಂಚಿನ ಹಗ್ಗ: ಕುದುರೆ ಮರಿಯ ಮೊದಲ ಪಾಠದ ಚರಿತ್ರೆ

ಕುದುರೆಯ ಇತಿಹಾಸವೆಂದರೆ ಬಹುಮಟ್ಟಿಗೆ ರಥ, ಯುದ್ಧ, ಸವಾರಿ ಮತ್ತು ವ್ಯಾಪಾರಗಳ ಇತಿಹಾಸವೆಂದೇ ಬರೆದು ರೂಢಿಯಾಗಿದ್ದು, ಬೆನ್ನ ಮೇಲೆ ಆಳನ್ನು ಹೊರುವುದಕ್ಕೆ ಎಷ್ಟೋ ಮೊದಲೇ ಆ ಪ್ರಾಣಿ ಮನುಷ್ಯನ ಪಕ್ಕದಲ್ಲಿ ಹಗ್ಗಕ್ಕೆ ಒಪ್ಪಿ ನಡೆಯುವುದನ್ನು ಕಲಿತಿರಬೇಕೆಂಬ ಸಂಗತಿ ಅದರಲ್ಲಿ ಅಪರೂಪಕ್ಕೆ ಮಾತ್ರ ಕಾಣಿಸಿಕೊಳ್ಳುತ್ತದೆ. ಈ ಮೊದಲ ಪಾಠದ ಸಾಧನ ಹಾಲ್ಟರ್, ಅಂದರೆ ಬಾಯೊಳಗೆ ಕಬ್ಬಿಣವನ್ನು ಇಡದೆ ಮೂಗಿನ ಮೇಲೂ ಕಿವಿಗಳ ಹಿಂದೆಯೂ ಸುತ್ತಿ ಬರುವ ಮುಖಪಟ್ಟಿ ಮತ್ತು ಅದಕ್ಕೆ ಕಟ್ಟಿದ ಹಗ್ಗ. ಎಳೆದರೆ ಹಿಂದಕ್ಕೆ ಜಗ್ಗುವುದು ಕುದುರೆಯ ಹುಟ್ಟುಗುಣವಾದ್ದರಿಂದ ಬರಿಯ ಬಲದಿಂದ ಈ ಪಾಠ ನಡೆಯುವುದಿಲ್ಲ. ಮರಿಯ ಹಿಂಭಾಗಕ್ಕೆ ಇನ್ನೊಂದು ಹಗ್ಗವನ್ನು ಬಳಸಿ ಮೆಲ್ಲಗೆ ಮುಂದಕ್ಕೆ ಒತ್ತಿ, ಅದು ಒಂದು ಹೆಜ್ಜೆ ಇಟ್ಟ ಕ್ಷಣದಲ್ಲೇ ಬಿಗಿಯನ್ನು ಸಡಿಲಿಸಿದರೆ, ನಡೆದರೆ ಒತ್ತಡ ತಪ್ಪುತ್ತದೆಂಬುದನ್ನು ಮರಿ ತಾನಾಗಿಯೇ ಕಂಡುಕೊಳ್ಳುತ್ತದೆ.

ಈ ಕೆಲಸವನ್ನು ಕುರಿತು ಉಳಿದು ಬಂದಿರುವ ಹಳೆಯ ಬರಹಗಳಲ್ಲಿ ಅತ್ಯಂತ ವಿವೇಕದ್ದು ಕ್ರಿ.ಪೂ. 4ನೆಯ ಶತಮಾನದಲ್ಲಿ ಗ್ರೀಕ್ ಸೇನಾನಿ ಕ್ಸೆನೊಫನ್ ಕುದುರೆ ಸವಾರಿಯ ಬಗ್ಗೆ ರಚಿಸಿದ ಚಿಕ್ಕ ಗ್ರಂಥ. ಮರಿಯನ್ನು ಪಳಗಿಸುವವನ ಕೈಗೆ ಒಪ್ಪಿಸುವ ಮೊದಲೇ ಅದು ಸಾಧುವಾಗಿ, ಮನುಷ್ಯರನ್ನು ಕಂಡರೆ ಪ್ರೀತಿಪಡುವಂತಾಗಿರಬೇಕೆಂದು ಹೇಳುವ ಆತ, ಹಸಿವು, ಬಾಯಾರಿಕೆ ಮತ್ತು ನೊಣಗಳ ಕಾಟ ಒಂಟಿಯಾಗಿದ್ದಾಗ ಬರುವಂತೆಯೂ, ಮೇವು, ನೀರು ಮತ್ತು ಕಾಟದಿಂದ ಬಿಡುಗಡೆ ಮನುಷ್ಯನ ಕೈಯಿಂದಲೇ ದೊರೆಯುವಂತೆಯೂ ಏರ್ಪಡಿಸಿದರೆ ಸಾಕೆಂದು ಉಪಾಯವನ್ನೂ ಸೂಚಿಸುತ್ತಾನೆ. ಮರಿಯನ್ನು ಜನಜಂಗುಳಿಯ ನಡುವೆ ನಡೆಸಿಕೊಂಡು ಹೋಗಿ ಬಗೆಬಗೆಯ ನೋಟಗಳಿಗೂ ಸದ್ದುಗಳಿಗೂ ಒಗ್ಗಿಸಬೇಕು. ಅದು ಬೆದರಿದರೆ ಗದರಿಸದೆ, ಹೆದರುವಂಥದ್ದು ಏನೂ ಇಲ್ಲವೆಂದು ಸಮಾಧಾನದಿಂದ ತಿಳಿಯಪಡಿಸಬೇಕು. ನಡೆಸುವವನು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಯನ್ನೂ ಆತ ಬಿಟ್ಟಿಲ್ಲ: ಆಳು ಮುಂದೆ ನಡೆದು ಕುದುರೆ ಹಿಂದೆ ಬಂದರೆ ಆಳಿಗೆ ತನ್ನನ್ನು ಕಾಪಾಡಿಕೊಳ್ಳಲು ಆಗದು, ಉದ್ದ ಹಗ್ಗ ಕೊಟ್ಟು ಕುದುರೆಯನ್ನೇ ಮುಂದೆ ಬಿಟ್ಟರೆ ಅದು ಅತ್ತಿತ್ತ ತಿರುಗಿ ಕೇಡು ಮಾಡಬಲ್ಲದು, ಆದ್ದರಿಂದ ಪಕ್ಕದಲ್ಲಿ ನಡೆಸುವುದೇ ಸರಿಯೆಂಬುದು ಆತನ ತೀರ್ಮಾನ. ಕಡಿವಾಣವಿಲ್ಲದೆ ಹೊರಗೆ ಕರೆದೊಯ್ಯುವಾಗ ಕಚ್ಚದಂತೆ ಬಾಯಿಗೆ ಕುಕ್ಕೆ ಹಾಕಬೇಕೆಂದೂ, ಹಾಲ್ಟರಿನ ಗಂಟು ಕಡಿವಾಣದ ಪಟ್ಟಿ ಕೂರುವ ಜಾಗದಲ್ಲಿ ಬಂದರೆ ಕುದುರೆ ಗೋದಲಿಗೆ ತಲೆ ಉಜ್ಜಿ ಹುಣ್ಣು ಮಾಡಿಕೊಂಡು, ಆಮೇಲೆ ಕಡಿವಾಣ ತೊಡಿಸಲೂ ಮೈತಿಕ್ಕಲೂ ಬಿಡದಂತಾಗುತ್ತದೆಂದೂ ಆತ ಎಚ್ಚರಿಸುತ್ತಾನೆ. ಲಾಯದಲ್ಲಿ ನಿಂತು ನೋಡದವನ ಲೇಖನಿಯಿಂದ ಇಂಥ ಮಾತು ಹೊರಡುವುದು ಕಷ್ಟ.

ಭಾರತದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣವು, ಅಂದರೆ ರಾಜನ ಕುದುರೆಗಳ ಮೇಲ್ವಿಚಾರಕನ ಕರ್ತವ್ಯಗಳನ್ನು ಹೇಳುವ ಭಾಗವು, ಈದ ಕುದುರೆಗೆ ಮೂರು ರಾತ್ರಿ ಕುಡಿಸಬೇಕಾದ ತುಪ್ಪದಿಂದ ಹಿಡಿದು ಮರಿಗೆ ಆರು ತಿಂಗಳವರೆಗೆ ಕೊಡಬೇಕಾದ ಹಾಲು, ಆಮೇಲೆ ತಿಂಗಳು ತಿಂಗಳಿಗೆ ಏರುತ್ತ ಹೋಗುವ ಜವೆಯವರೆಗೆ ಎಲ್ಲವನ್ನೂ ಅಳತೆ ಸಮೇತ ಗೊತ್ತುಪಡಿಸಿ, ನಾಲ್ಕೈದು ವರ್ಷಕ್ಕೆ ಕುದುರೆ ಕೆಲಸಕ್ಕೆ ಯೋಗ್ಯವಾಗುತ್ತದೆಂದು ಹೇಳುತ್ತದೆ. ನಡಿಗೆಯ ಬಗೆಗಳನ್ನು ವಿಸ್ತಾರವಾಗಿ ವಿಂಗಡಿಸುವ ಆ ಪ್ರಕರಣದ ಆಸಕ್ತಿ ಮರಿಯ ಮೇವಿನ ಕಡೆಗಿದೆಯೇ ಹೊರತು ಅದರ ಮೊದಲ ಹಗ್ಗದ ಕಡೆಗಿಲ್ಲ.

ಕರ್ನಾಟಕದ ಮಟ್ಟಿಗೆ ಈ ಮೌನಕ್ಕೆ ವ್ಯಾಪಾರವೂ ಒಂದು ಕಾರಣವೆಂದು ಊಹಿಸಬಹುದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಕುದುರೆಗಳ ವಿನೋದವನ್ನು ವರ್ಣಿಸುವಾಗಲೂ, ಶಾಸನಗಳು ಕುದುರೆಗಳ ಉಸ್ತುವಾರಿ ಹೊತ್ತ ಸಾಹಣಿಗಳನ್ನು ಹೆಸರಿಸುವಾಗಲೂ ಎದುರಿಗಿರುವುದು ಬೆಳೆದು ನಿಂತ ಕುದುರೆ. 13ನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಭಾರತದ ಕರಾವಳಿಯನ್ನು ಕಂಡ ಮಾರ್ಕೋ ಪೋಲೋ, ಪಾಂಡ್ಯರ ಸೀಮೆಯಲ್ಲಿ ಒಳ್ಳೆಯ ಜಾತಿಯ ಗಂಡು ಹೆಣ್ಣುಗಳನ್ನು ಕೂಡಿಸಿದರೂ ಹುಟ್ಟುವ ಮರಿ ಸೊಟ್ಟಗಾಲಿನದಾಗಿ ಸವಾರಿಗೆ ಒದಗುವುದಿಲ್ಲವೆಂದು ಬರೆದದ್ದು ಪ್ರವಾಸಿಯ ಉತ್ಪ್ರೇಕ್ಷೆಯೇ ಇರಬಹುದಾದರೂ, ಕುದುರೆಯನ್ನು ಕಡಲಾಚೆಯಿಂದಲೇ ತರಿಸಬೇಕೆಂಬ ಅಂದಿನ ನಂಬಿಕೆಗೆ ಅದು ಸಾಕ್ಷಿ. ವಿಜಯನಗರದ ಅರಸ ವರ್ಷಕ್ಕೆ ಪಾರಸೀಕ ಕೊಲ್ಲಿಯ ಹೊರಮುಜ್ ಬಂದರಿನ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ಹಿಂದೆ ಸಾಳುವ ನರಸಿಂಹ ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಹಣ ಕೊಡುತ್ತಿದ್ದನೆಂದೂ 16ನೆಯ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ದಾಖಲಿಸಿದ್ದಾನೆ. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಆಳುಗಳು ಪಕ್ಕದಲ್ಲಿ ಹಿಡಿದು ನಡೆಸುವ ಕುದುರೆಗಳ ಸಾಲೇ ಇದೆ. ಆದರೆ ಹೀಗೆ ನಡೆಯುವ ವಿದ್ಯೆಯನ್ನು ಅಂಥ ಕುದುರೆಗಳಲ್ಲಿ ಎಷ್ಟೋ ಕಲಿತಿದ್ದು ಅರಬ್ ಅಥವಾ ಪಾರಸೀಕ ನೆಲದಲ್ಲಿ, ಮರಿಯಾಗಿದ್ದಾಗ. ಅರಸನ ಬೊಕ್ಕಸ ತೆತ್ತ ಬೆಲೆಯಲ್ಲಿ ಆ ದುಡಿಮೆಯ ಕೂಲಿಯೂ ಸೇರಿತ್ತೆನ್ನಬೇಕು. ನಾಡತಳಿಗಳನ್ನು ಸಾಕುವವರು ಇರಲಿಲ್ಲವೆಂದಲ್ಲ. ಭೀಮಾತೀರದ ಗಟ್ಟಿಮುಟ್ಟಾದ ತಟ್ಟುಗಳು ಮರಾಠ ಸೇನೆಗಳಿಗೆ ಒದಗಿದ್ದು ಪ್ರಸಿದ್ಧವೇ ಆಗಿದೆ. ಆದರೆ ಆ ಸಾಕಣೆಗೆ ರಾಜಾಸ್ಥಾನದ ಗೌರವವಾಗಲಿ, ಗ್ರಂಥಕಾರರ ಗಮನವಾಗಲಿ ದೊರೆಯಲಿಲ್ಲ.

ಮರಿಯನ್ನು ಹುಟ್ಟಿಸಿ ಬೆಳೆಸುವ ಕೆಲಸ ಮೈಸೂರು ಸೀಮೆಯಲ್ಲಿ ಒಂದೇ ಜಾಗದಲ್ಲಿ ದೀರ್ಘಕಾಲ ನೆಲೆನಿಂತದ್ದು ಇಂದಿನ ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಅಶ್ವದಳಕ್ಕಾಗಿ ಆರಂಭವಾದ ಈ ಕುದುರೆ ಫಾರಂ 1799ರಲ್ಲಿ ಆತ ಮಡಿದ ನಂತರವೂ ಮುಚ್ಚಿಹೋಗದೆ, ಮೈಸೂರಿನ ಸಿಲ್ಲೇದಾರ್ ದಳಗಳಿಗೆ, ಅಂದರೆ ಸವಾರನೇ ತನ್ನ ಕುದುರೆಯನ್ನು ಒದಗಿಸಿಕೊಳ್ಳುವ ಪದ್ಧತಿಯ ದಳಗಳಿಗೆ, ಕುದುರೆಗಳನ್ನು ಬೆಳೆಸುತ್ತ ಬಂದು, ಕೊನೆಗೆ ಪಂದ್ಯದ ಕುದುರೆಗಳ ತಾಣವಾಗಿ ಬದಲಾಯಿತು. ಈ ಬದಲಾವಣೆಯಿಂದ ಮೊದಲ ಪಾಠದ ವೇಳಾಪಟ್ಟಿಯೇ ಇನ್ನೂ ಎಳೆಯ ವಯಸ್ಸಿಗೆ ಸರಿಯಿತು. ಕೌಟಿಲ್ಯನ ಕುದುರೆಗೆ ನಾಲ್ಕೈದು ವರ್ಷಗಳ ಬಿಡುವಿದ್ದರೆ, ಥರೋಬ್ರೆಡ್ ತಳಿಯ ಕುದುರೆ ಎರಡು ವರ್ಷ ತುಂಬುತ್ತಲೇ ಓಡಬೇಕಾಗುತ್ತದೆ. ಆದಕಾರಣ ಈ ತಳಿಯ ಫಾರಂಗಳಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಗೆ ಚರ್ಮದ ಪುಟ್ಟ ಮುಖಪಟ್ಟಿಯನ್ನು ತೊಡಿಸಿ, ಒಬ್ಬ ಆಳು ತಾಯಿಯನ್ನೂ ಇನ್ನೊಬ್ಬ ಮರಿಯನ್ನೂ ಹಿಡಿದು ಲಾಯದಿಂದ ಮೇವಿನ ಬಯಲಿಗೆ ಕರೆದೊಯ್ಯುತ್ತಾರೆ. ತಾಯಿ ಹೋದಲ್ಲಿಗೆ ಹೋಗುವುದು ಮರಿಯ ಸ್ವಭಾವವಾದ್ದರಿಂದ ಹಗ್ಗದ ಪಾಠ ಅದಕ್ಕೆ ಹೊರೆಯಾಗುವುದಿಲ್ಲ. ಸುಮಾರು ಆರು ತಿಂಗಳಿಗೆ ಹಾಲು ಬಿಡಿಸಿದಾಗ ತಾಯಿಯಿಂದ ಅಗಲಿ ಕಂಗೆಡುವ ಮರಿಯನ್ನು ಹತೋಟಿಗೆ ತರಲು, ಮೊದಲೇ ಕಲಿತ ಈ ಹಗ್ಗವೇ ಆಧಾರ.

ಪಂದ್ಯದ ಪುಸ್ತಕಗಳು ತಂದೆ, ತಾಯಿ, ಮಾಲೀಕ, ತರಬೇತುದಾರ ಮತ್ತು ಸವಾರರ ಹೆಸರುಗಳನ್ನು ಅಚ್ಚುಕಟ್ಟಾಗಿ ದಾಖಲಿಸುತ್ತವೆಯಾದರೂ ಮರಿಗೆ ಹಗ್ಗ ಕಲಿಸಿದ ಆಳಿಗೆ ಅಲ್ಲಿ ಸ್ಥಾನವಿಲ್ಲ. ಕರ್ನಾಟಕದ ಕುದುರೆಯ ಇತಿಹಾಸವನ್ನು ಮುಂದೆ ಬರೆಯುವವರು ಹೊರಮುಜ್ ವ್ಯಾಪಾರದ ಲೆಕ್ಕಗಳಷ್ಟಕ್ಕೇ ನಿಲ್ಲದೆ, ಕುಣಿಗಲ್ಲಿನಂಥ ಫಾರಂಗಳಲ್ಲಿ ದುಡಿದ ಸೈಸರ, ಅಂದರೆ ಕುದುರೆ ನೋಡಿಕೊಳ್ಳುವ ಆಳುಗಳ, ತಿಳಿವಳಿಕೆಯನ್ನೂ ಕೇಳಿ ಬರೆದಿಡಬೇಕು.