ಹಿತ್ತಿಲಿನ ಕುಸುಬೆ

ದೊಡ್ಡಬಳ್ಳಾಪುರವೆಂದರೆ ಮಗ್ಗದ ಊರು. ನೂಲಿನ ಮಾತು, ಬಣ್ಣದ ಮಾತು ಅಲ್ಲಿ ಹೊಸದಲ್ಲ. ಆದರೆ ಕುಸುಬೆ ಎಂದೊಡನೆ ನಮಗೆ ನೆನಪಾಗುವುದು ಉತ್ತರ ಕರ್ನಾಟಕದ ಗಾಣದೆಣ್ಣೆಯೇ ಹೊರತು ಬಟ್ಟೆಯ ಬಣ್ಣವಲ್ಲ. ಈ ಮುಳ್ಳುಗಿಡ ಒಂದು ಕಾಲಕ್ಕೆ ಬಣ್ಣಕ್ಕೂ ಹೆಸರಾಗಿತ್ತೆಂಬುದನ್ನು ಮರೆತಿದ್ದೇವೆ.

ಕುಸುಬೆಯು ಸಂಸ್ಕೃತದ ‘ಕುಸುಂಭ’ದ ತದ್ಭವ. ಈಜಿಪ್ಟಿನ ಪ್ರಾಚೀನ ಗೋರಿಗಳ ಬಟ್ಟೆಗಳಲ್ಲಿಯೂ ಇದರ ಬಣ್ಣ ಸಿಕ್ಕಿದೆ. ಎಸಳಿನಲ್ಲಿರುವುದು ಒಂದಲ್ಲ, ಎರಡು ಬಣ್ಣ. ಹಳದಿಯು ತಣ್ಣೀರಿನಲ್ಲಿ ಕರಗುತ್ತದೆ, ಕೆಂಪು ಕರಗದು. ಆದುದರಿಂದ ಬಣ್ಣಗಾರರು ಎಸಳನ್ನು ಮತ್ತೆ ಮತ್ತೆ ತೊಳೆದು ಹಳದಿಯನ್ನು ಕಳೆದು, ಬಳಿಕ ಬೂದಿಯ ತಿಳಿನೀರಿನಲ್ಲಿ ನೆನೆಸಿ ಕೆಂಪನ್ನು ಹೊರಡಿಸುತ್ತಿದ್ದರು. ಆ ನೀರಿಗೆ ಹುಳಿ ಬಿದ್ದೊಡನೆ ಕೆಂಪು ನೂಲನ್ನು ಕಚ್ಚುತ್ತಿತ್ತು. ಹತ್ತಿಯಾಗಲಿ ರೇಷ್ಮೆಯಾಗಲಿ, ಪಟಿಕದ ಹಂಗು ಬೇಕಿರಲಿಲ್ಲ.

ಇಷ್ಟು ಶ್ರಮದಿಂದ ಬಂದ ಬಣ್ಣಕ್ಕೆ ಆಯುಸ್ಸು ಮಾತ್ರ ಕಡಮೆ. ಬಿಸಿಲು, ಸಾಬೂನು ಎರಡೂ ಅದರ ವೈರಿಗಳು. 14ನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ, ಮೊದಲು ಹೊಳೆದು ಆಮೇಲೆ ಅಳಿಯುವ ಅನುರಾಗಕ್ಕೆ ಕುಸುಂಭದ ಹೆಸರನ್ನೇ ಇಟ್ಟನು, ಹೊಳೆದೂ ಉಳಿಯುವುದಕ್ಕೆ ಮಂಜಿಷ್ಠದ ಹೆಸರು. ಆಲಂಕಾರಿಕನಿಗೂ ಅಗಸನಿಗೂ ತಿಳಿದಿದ್ದ ಸತ್ಯ ಒಂದೇ!

1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕಲ್ಲಿದ್ದಲಿನ ಟಾರಿನಿಂದ ದೊರೆಯುವ ವಸ್ತುವಿನಿಂದ ಕೃತಕ ಬಣ್ಣವನ್ನು ಪಡೆದನು. ಮುಂದೆ ಬಂದ ಅಗ್ಗದ ಬಣ್ಣಗಳೆದುರು ಕುಸುಬೆ ನಿಲ್ಲಲಾರದೆ ಹೋಯಿತು. ಗಿಡ ಉಳಿದದ್ದು ಬೀಜದ ಎಣ್ಣೆಯಿಂದ. ಅದೂ ವಿಜಯಪುರ, ಗದಗ, ಧಾರವಾಡಗಳಂಥ ಕರಿಮಣ್ಣಿನ ಹಿಂಗಾರು ಹೊಲಗಳಲ್ಲಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕೆಮ್ಮಣ್ಣು ರಾಗಿಗೆ ಒಲಿದ ಮಣ್ಣು.

ಆದರೂ ಹಿತ್ತಿಲಿಗೆ ಹತ್ತು ಗಿಡ ಭಾರವಲ್ಲ. ಬಿಸಿಲು ಬೀಳುವ, ನೀರು ನಿಲ್ಲದ ಮಡಿಯಲ್ಲಿ ದಸರೆಯ ಹೊತ್ತಿಗೆ ಬೀಜ ಊರಿದರೆ, ಆಳಕ್ಕಿಳಿಯುವ ತಾಯಿಬೇರು ತೇವವನ್ನು ತಾನೇ ಹುಡುಕಿಕೊಳ್ಳುತ್ತದೆ. ಎಳೆಯ ಸೊಪ್ಪು ಪಲ್ಯಕ್ಕಾಗುತ್ತದೆ. ಮುಳ್ಳು ಬಲಿತ ಮೇಲೆ ದನ ಹತ್ತಿರ ಸುಳಿಯದು. ಹಳದಿಯಾಗಿ ಅರಳಿ ಕೆಂಪಿಗೆ ತಿರುಗುವ ಎಸಳನ್ನು, ಇಬ್ಬನಿಗೆ ಮುಳ್ಳು ಮೆತ್ತಗಿರುವ ಮುಂಜಾನೆಯಲ್ಲೇ ಬಿಡಿಸಬೇಕು.

ಮಗ್ಗದ ಮನೆಯ ಮಗುವೊಂದು ಆ ಎಸಳನ್ನು ತೊಳೆದು, ಬೂದಿನೀರಿನಲ್ಲಿ ನೆನೆಸಿ, ನಿಂಬೆ ಹಿಂಡಿ, ಒಂದೆಳೆ ನೂಲು ಕೆಂಪಾಗುವುದನ್ನು ಕಂಡರೆ ಸಾಕು. ಆ ಕೆಂಪು ನಾಲ್ಕು ದಿನದ ಬಿಸಿಲಿಗೆ ಮಾಸೀತು; ಹಳದಿಯ ಹಿಂದೆ ಅದನ್ನು ಕಂಡುಹಿಡಿದವರ ಜಾಣ್ಮೆ ಮಾಸಬಾರದು.