‘ಸಿಬ್ಬಂದಿ’ ಎಂಬ ಪದ ಮತ್ತು ಅರೆಸೇನಾಪಡೆಗಳ ಲೆಕ್ಕ

ಪಂಚಾಯತ್ ಸಿಬ್ಬಂದಿ, ಬ್ಯಾಂಕ್ ಸಿಬ್ಬಂದಿ, ಮೆಸ್ಕಾಂ ಸಿಬ್ಬಂದಿ. ನಾವು ದಿನಕ್ಕೆ ಹತ್ತು ಸಲ ಹೇಳುವ ಈ ಪದ ಹಿಂದೆ ಆಯುಧ ಹಿಡಿದವರ ಹೆಸರಾಗಿತ್ತು. ಪಾರ್ಸಿಯಲ್ಲಿ ‘ಸಿಹ್’ ಎಂದರೆ ಮೂರು. ಮೂರು ತಿಂಗಳಿಗೊಮ್ಮೆ ಸಂಬಳ ಪಡೆಯುವವರ ಪಡೆಯೇ ‘ಸಿಹ್‌ಬಂದಿ’ ಎಂಬ ವಿವರಣೆ ಇದೆ. ಪೂರ್ತಿ ಸೈನಿಕರೂ ಅಲ್ಲ, ಬರೀ ಜವಾನರೂ ಅಲ್ಲ. ಕಂದಾಯ ವಸೂಲಿಗೆ ಹೋದಾಗ ಅಧಿಕಾರಿಯ ಹಿಂದೆ ನಿಲ್ಲುವವರು. ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳಲ್ಲಿ ಇವರೇ ‘ಸೆಬಂಡಿ’ಗಳು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಅರೆಸೇನಾಪಡೆ.

ಇಂಥ ಪಡೆ ಯಾಕೆ ಬೇಕಾಯಿತು ಎಂದು ತಿಳಿಯಲು ದೂರ ಹೋಗಬೇಕಿಲ್ಲ, ನಮ್ಮ ವಿಟ್ಲದ ಕಥೆಯೇ ಸಾಕು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಜಿಲ್ಲೆ ಕಂಪನಿಯ ಕೈಗೆ ಬಂತು, ಥಾಮಸ್ ಮನ್ರೋ ಕಲೆಕ್ಟರ್ ಆದ. ವಿಟ್ಲದ ಡೊಂಬ ಹೆಗ್ಗಡೆ ಅರಸ ತನ್ನ ಸೀಮೆ ತನಗೇ ಬೇಕು ಎಂದು ತಿರುಗಿಬಿದ್ದ. ಅದೇ ಹೊತ್ತಿಗೆ ಬೆಳ್ತಂಗಡಿಯ ಜಮಾಲಾಬಾದ್ ಕೋಟೆಯನ್ನು ತಿಮ್ಮ ನಾಯಕ ಕಂಪನಿಯಿಂದ ಕಸಿದುಕೊಂಡ. ನಮ್ಮ ಗಡಾಯಿಕಲ್ಲೇ ಅದು. ಹತ್ತಿದವರಿಗೆ ಗೊತ್ತು, ಮೇಲೆ ನಾಲ್ಕು ಜನ ಕೂತರೆ ಕೆಳಗಿನ ನಾನೂರು ಜನಕ್ಕೂ ಕಷ್ಟ. ಮರಳಿ ಪಡೆಯಲು ತಿಂಗಳುಗಟ್ಟಲೆ ಮುತ್ತಿಗೆ ಹಾಕಬೇಕಾಯಿತು. ಹೆಗ್ಗಡೆ ಸೆರೆಸಿಕ್ಕು 1800ರಲ್ಲಿ ನೇಣಿಗೇರಿದ.

1837ರ ಅಮರಸುಳ್ಯ ದಂಗೆಯಲ್ಲೂ ಇದೇ ಪಾಠ. ಬೆಳ್ಳಾರೆಯ ಖಜಾನೆಯಿಂದ ಹೊರಟವರು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿ ಮಂಗಳೂರು ಹಿಡಿದು 13 ದಿನ ಆಳಿದರು. ಕಲೆಕ್ಟರ್ ಲೆವಿನ್ ಸಿಪಾಯಿಗಳ ಜೊತೆ ಪುತ್ತೂರಿನ ತನಕ ಹೋಗಿ ವಾಪಸಾಗಿದ್ದ. ಜಿಲ್ಲೆಯಲ್ಲಿ ಸಾಕಷ್ಟು ಪಡೆ ಇರಲಿಲ್ಲ, ಕಣ್ಣೂರು ಕಡೆಯಿಂದ ಬರಬೇಕಾಯಿತು. ಸೈನ್ಯ ದೂರ, ದಂಗೆ ಹತ್ತಿರ. ನಡುವೆ ಇನ್ನೊಂದು ಪಡೆ ಬೇಕು ಎಂಬ ಯೋಚನೆ ಹುಟ್ಟುವುದೇ ಇಲ್ಲಿ.

ಬೇರೆ ಕಡೆಯೂ ಹಾಗೆಯೇ ಆಯಿತು. ಅಸ್ಸಾಮಿನ ಚಹಾ ತೋಟ ಕಾಯಲು 1835ರಲ್ಲಿ ಸುಮಾರು 750 ಜನರ ‘ಕಚಾರ್ ಲೆವಿ’ ಕಟ್ಟಿದರು, ಅದೇ ಇಂದಿನ ಅಸ್ಸಾಂ ರೈಫಲ್ಸ್. 1921ರ ಮಲಬಾರ್ ದಂಗೆಯ ಬೆನ್ನಿಗೆ ಮಲಬಾರ್ ಸ್ಪೆಷಲ್ ಪೊಲೀಸ್ ಬಂತು. 1939ರಲ್ಲಿ ನೀಮಚ್‌ನಲ್ಲಿ ಎರಡು ಬೆಟಾಲಿಯನ್‌ನಿಂದ ಶುರುವಾದದ್ದು ಈಗಿನ ಸಿಆರ್‌ಪಿಎಫ್. ಇವತ್ತು ಅದರಲ್ಲಿ ಮೂರು ಲಕ್ಷಕ್ಕೂ ಮೀರಿ ಜನರಿದ್ದಾರೆ. ಸ್ವತಂತ್ರ ಭಾರತ ಬ್ರಿಟಿಷರ ಈ ಪಡೆಗಳನ್ನು ಮುಚ್ಚಲಿಲ್ಲ, ಬೆಳೆಸಿತು. 1962ರ ಚೀನಾ ಯುದ್ಧ ಐಟಿಬಿಪಿಯನ್ನು, 1965ರ ಪಾಕಿಸ್ತಾನ ಯುದ್ಧ ಬಿಎಸ್‌ಎಫ್ ಅನ್ನು ತಂದಿತು. ಎಂಆರ್‌ಪಿಎಲ್, ಪಣಂಬೂರು ಬಂದರು, ಬಜ್ಪೆ ವಿಮಾನ ನಿಲ್ದಾಣದ ಗೇಟಿನಲ್ಲಿ ನಾವು ನೋಡುವ ಸಿಐಎಸ್‌ಎಫ್ ಹುಟ್ಟಿದ್ದು 1969ರಲ್ಲಿ.

ಈಗ ಲೆಕ್ಕಕ್ಕೆ ಬರೋಣ. ‘ಜಗತ್ತಿನ ದೊಡ್ಡ ಅರೆಸೇನಾಪಡೆ ಯಾರದ್ದು’ ಎಂಬ ಪಟ್ಟಿ ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ. ಕೆಲವದರಲ್ಲಿ ಉತ್ತರ ಕೊರಿಯಾ 57 ಲಕ್ಷದೊಂದಿಗೆ ಮೊದಲು. ಅದು ಹೊಲದಲ್ಲೂ ಕಾರ್ಖಾನೆಯಲ್ಲೂ ದುಡಿಯುವವರನ್ನು ಹೆಸರು ಬರೆಸಿ ಎಣಿಸಿದ ಮೀಸಲು ಪಡೆ. ಅದನ್ನು ವರ್ಷವಿಡೀ ಸಮವಸ್ತ್ರದಲ್ಲಿರುವ ಬಿಎಸ್‌ಎಫ್ ಪಕ್ಕ ಇಡುವುದು ಅಡಿಕೆಯನ್ನೂ ತೆಂಗಿನಕಾಯಿಯನ್ನೂ ಒಂದೇ ಎಣಿಕೆಗೆ ಹಾಕಿದ ಹಾಗೆ. ಇಟಲಿಯ ಕರಾಬಿನಿಯೇರಿ 1814ರಷ್ಟು ಹಳೆಯದು. ಸುಮಾರು 1.1 ಲಕ್ಷ ಜನ, ಮಿಲಿಟರಿಗೆ ಸೇರಿದವರು, ಆದರೆ ಹಳ್ಳಿಯಲ್ಲಿ ಕಳ್ಳತನದ ದೂರು ಬರೆದುಕೊಳ್ಳುವವರೂ ಅವರೇ. ಫ್ರಾನ್ಸಿನ ಜಾಂಡಾರ್ಮರಿಯೂ ಹಾಗೆಯೇ, ಸುಮಾರು 1 ಲಕ್ಷ. ಚೀನಾದ ಸಶಸ್ತ್ರ ಪೊಲೀಸ್ ಪಡೆ ಅಂದಾಜು 5 ಲಕ್ಷ, 2018ರಿಂದ ನೇರ ಸೇನಾ ಆಯೋಗದ ಕೆಳಗೆ. ಬ್ರಿಟನ್‌ನಲ್ಲಿ ಇಂಥದ್ದೊಂದು ರಾಷ್ಟ್ರೀಯ ಪಡೆಯೇ ಇಲ್ಲ. ನಮಗೆ ಈ ಅಭ್ಯಾಸ ಕಲಿಸಿದವರು ತಮ್ಮ ಊರಿಗೆ ಅದನ್ನು ತಂದುಕೊಳ್ಳಲಿಲ್ಲ ನೋಡಿ!

ಭಾರತದ ಕೇಂದ್ರ ಪಡೆಗಳೆಲ್ಲ ಸೇರಿ ಸುಮಾರು 10 ಲಕ್ಷ. ಕೇಳಲು ದೊಡ್ಡದು. 140 ಕೋಟಿಗೆ ಭಾಗಿಸಿದರೆ ಲಕ್ಷ ಜನಕ್ಕೆ ಸುಮಾರು 70. ಇಟಲಿಯಲ್ಲಿ ಅದು 185ರ ಆಸುಪಾಸು. ರಾಜ್ಯಗಳ ಸಶಸ್ತ್ರ ಮೀಸಲು ಪಡೆಗಳನ್ನು (ನಮ್ಮ ಅಸೈಗೋಳಿಯ ಕೆಎಸ್‌ಆರ್‌ಪಿ 7ನೇ ಬೆಟಾಲಿಯನ್‌ನಂಥವು) ಸೇರಿಸಿದರೆ ನಮ್ಮ ಸಂಖ್ಯೆ ಏರುತ್ತದೆ. ಪಟ್ಟಿ ಮಾಡಿದವರು ಯಾರನ್ನು ಸೇರಿಸಿದರು, ಯಾರನ್ನು ಬಿಟ್ಟರು ಎಂದು ನೋಡದೆ ಫಾರ್ವರ್ಡ್ ಮಾಡಿದರೆ ಪ್ರಯೋಜನವಿಲ್ಲ.

ನನಗೆ ದೇಶಗಳ ಸ್ಪರ್ಧೆಗಿಂತ ನಮ್ಮ ಜಿಲ್ಲೆಯ ಲೆಕ್ಕ ಮುಖ್ಯ. 2025ರ ಏಪ್ರಿಲ್, ಮೇ ತಿಂಗಳಲ್ಲಿ ಬಂಟ್ವಾಳ, ಮಂಗಳೂರು ಕಡೆ ನಡೆದ ಕೊಲೆಗಳ ನಂತರ ರಾಜ್ಯ ಸರ್ಕಾರ ಕೋಮು ಹಿಂಸೆ ತಡೆಯಲು ವಿಶೇಷ ಕಾರ್ಯಪಡೆ ರಚಿಸಿತು. ನಕ್ಸಲ್ ನಿಗ್ರಹ ಪಡೆಯಿಂದ ತೆಗೆದ 248 ಮಂದಿ, ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಮೂರೂ ಜಿಲ್ಲೆಗೆ. 2011ರ ಜನಗಣತಿಯಂತೆ ಅಲ್ಲಿ ಸುಮಾರು 50 ಲಕ್ಷ ಜನ. ಅಂದರೆ 20,000 ಜನಕ್ಕೆ ಒಬ್ಬರು! ಪೇಟೆಯಲ್ಲಿ ಪಥಸಂಚಲನ ಮಾಡಿದಾಗ ಅಂಗಡಿಯವರಿಗೆ ಧೈರ್ಯ ಬರುತ್ತದೆ, ಸುಳ್ಳಲ್ಲ. ಆದರೆ ರಾತ್ರಿ ಒಳರಸ್ತೆಯಲ್ಲಿ ಬೈಕು ತಡೆದು ಮಾತಾಡಿಸಿದರೆ ‘ಇದು ಇಂಥವರ ಮಗ’ ಎಂದು ಗುರುತು ಹಿಡಿಯುವುದು ಠಾಣೆಯ ಬೀಟ್ ಪೊಲೀಸ್ ಮಾತ್ರ. ಕೊರತೆ ಇರುವುದು ಆ ಗುರುತಿನದು ಎಂದು ನನ್ನ ಅನಿಸಿಕೆ.

ಇನ್ನು ಈ ಪಡೆ ಸೇರಲು ಬೆಳಿಗ್ಗೆ ಮೈದಾನದಲ್ಲಿ ಓಡುವ ನಮ್ಮ ಹುಡುಗ ಹುಡುಗಿಯರಿಗೆ ಎರಡು ವಿಷಯ. ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದು. ಎರಡನೆಯದು ಪಿಂಚಣಿ. 2004ರ ಜನವರಿ 1ರಿಂದ ಸೇರಿದ ಸರ್ಕಾರಿ ನೌಕರರಿಗೆ ಹೊಸ ಪಿಂಚಣಿ ಪದ್ಧತಿ ಬಂದಾಗ ಸೇನೆಯನ್ನು ಅದರಿಂದ ಹೊರಗಿಟ್ಟರು, ಈ ಪಡೆಗಳನ್ನು ಇಡಲಿಲ್ಲ. ಇವರಿಗೂ ಹಳೆ ಪಿಂಚಣಿ ಸಲ್ಲಬೇಕು ಎಂದು 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಸರ್ಕಾರ ಮೇಲ್ಮನವಿ ಹಾಕಿತು, ಸುಪ್ರೀಂ ಕೋರ್ಟ್ ತೀರ್ಪಿಗೆ ತಡೆ ಕೊಟ್ಟಿತು. ‘ಅರೆ’ ಎಂಬ ಎರಡಕ್ಷರದ ಬೆಲೆ ಹಣದಲ್ಲಿ ಎಷ್ಟು ಎಂದು ನಿವೃತ್ತರಾಗಿ ಊರಿಗೆ ಬಂದ ಯಾವುದೇ ಸಿಆರ್‌ಪಿಎಫ್ ಜವಾನರನ್ನು ಕೇಳಿ, ಪೈಸೆಯ ಸಮೇತ ಹೇಳುತ್ತಾರೆ.